ಫ್ಯಾಂಟಮ್ ಮತ್ತು ಕೋಳಿ ಸಾಕಾಣಿಕೆ

ಕಾಮಿಕ್ಸ್ ಸಂಗ್ರಹಕಾರರಲ್ಲಿ ಎರಡು ಪಂಗಡ. ದುಡ್ಡಿದ್ದವರು ಪುಸ್ತಕ ಕೂಡಿಡುತ್ತಾರೆ, ಇಲ್ಲದವರು ಪಟ್ಟಿ ಕೂಡಿಡುತ್ತಾರೆ. ನಾನು ಎರಡನೆಯ ಪಂಗಡದ ಆಜೀವ ಸದಸ್ಯ. ನನ್ನ ಇಂದ್ರಜಾಲ ಕಾಮಿಕ್ಸ್ ಪಟ್ಟಿಯಲ್ಲಿ ಒಂದು ಕೊರತೆಯೂ ಇಲ್ಲ. 1964ರ ಮಾರ್ಚ್‌ನಲ್ಲಿ 60 ಪೈಸೆಗೆ ಬಂದ ಮೊದಲ ಫ್ಯಾಂಟಮ್ ಕಥೆಯಿಂದ ಹಿಡಿದು 1990ರಲ್ಲಿ ಅಂಗಡಿ ಮುಚ್ಚುವಾಗಿನ 805ರವರೆಗೆ ಎಲ್ಲವೂ ಇದೆ. ನನ್ನಲ್ಲಿರುವುದಕ್ಕೆ ಹಸಿರು ಗೀಟು, ಇಲ್ಲದ್ದಕ್ಕೆ ಕೆಂಪು. ದೂರದಿಂದ ನೋಡಿದರೆ ಆ ಪಟ್ಟಿಗೆ ಕುಂಕುಮಾರ್ಚನೆ ಆದಂತೆ ಕಾಣುತ್ತದೆ.

ಎರಡು ಅಂಕಿಗಳಿಗೆ ಮಾತ್ರ ಚಿನ್ನದ ಬಣ್ಣದ ಶಾಯಿ: 123 ಮತ್ತು 124. ಮುಷ್ಕರದ ದೆಸೆಯಿಂದ ಆ ಎರಡು ಸಂಚಿಕೆ ಅಚ್ಚೇ ಆಗಲಿಲ್ಲ. ಎಂಟುನೂರೈದರಲ್ಲಿ ನಿಜಕ್ಕೂ ಬಂದದ್ದು 803. ಇಡೀ ಸರಣಿಯಲ್ಲಿ ನನಗೆ ಅತ್ಯಂತ ಪ್ರಿಯವಾದವು ಇವೇ. ಎಂಥ ಕೋಟ್ಯಧಿಪತಿಯ ಗಾಜಿನ ಬೀರುವಿನಲ್ಲೂ ಇವಿಲ್ಲ. ಈ ಎರಡರ ಮಟ್ಟಿಗೆ ಅವನೂ ನಾನೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂತವರು.

ಉಳಿದ ಸಂಚಿಕೆಗಳಿಗೆ ಅವೆನ್ಯೂ ರಸ್ತೆಯ ಫುಟ್‌ಪಾತೇ ಗತಿ. ಹಳೇ ಪುಸ್ತಕದ ವ್ಯಾಪಾರದಲ್ಲಿ ಒಂದು ಸೂತ್ರವಿದೆ: ಬೇಕಾದ್ದನ್ನು ಬೇಕು ಅಂತ ತೋರಿಸಿಕೊಳ್ಳಬಾರದು. ಹಾಗಾಗಿ ನಾನು ಮೊದಲು ಯಾರಿಗೂ ಬೇಡದ ಪುಸ್ತಕವೊಂದನ್ನು ಕೈಗೆತ್ತಿಕೊಂಡು, ಕಾಮಿಕ್ಸನ್ನು ಅದರ ಹಿಂದೆ ಹಿಡಿದು, ಆಕಳಿಸುತ್ತಾ ರೇಟು ಕೇಳುವವನು. ಒಂದು ಭಾನುವಾರ ಗೈಡುಗಳ ರಾಶಿಯ ಅಡಿಯಲ್ಲಿ ನೇರಳೆ ಬಣ್ಣದ ಒಂದು ಮೊಣಕೈ ಕಂಡಿತು. ಎದೆ ಧಸಕ್ಕೆಂದಿತು. ಮೊಣಕೈ ಸಾಕು, ಫ್ಯಾಂಟಮ್‌ನ ಗುರುತು ಹಿಡಿಯಲು ನನಗೆ ಮುಖ ಬೇಕಿಲ್ಲ. ಪಕ್ಕದಲ್ಲಿ ಕೈಗೆ ಸಿಕ್ಕಿದ್ದು 'ಲಾಭದಾಯಕ ಕೋಳಿ ಸಾಕಾಣಿಕೆ' ಎಂಬ ಹಳದಿ ರಟ್ಟಿನ ಪುಸ್ತಕ.

"ಇದೆಷ್ಟು?" ಅಂದೆ, ಕೋಳಿಯನ್ನು ಮುಂದೆ ಮಾಡಿ.

"ಎಂಬತ್ತು ಕೊಡಿ. ಎಷ್ಟು ಕೋಳಿ ಸಾರ್ ನಿಮ್ದು?"

ಈ ಪ್ರಶ್ನೆಗೆ ನಾನು ತಯಾರಾಗಿರಲಿಲ್ಲ. "ಇನ್ನೂ ಶೆಡ್ ಹಾಕ್ಸಿಲ್ಲ" ಅಂದೆ. ಅಷ್ಟೇ ಸಾಕಾಯಿತು. ಅವನ ಭಾವಮೈದ ದೊಡ್ಡಬಳ್ಳಾಪುರದ ಹತ್ತಿರ ಫಾರಂ ಇಟ್ಟಿದ್ದಾನಂತೆ. ಮೊಟ್ಟೆಗೋ ಮಾಂಸಕ್ಕೋ ಮೊದಲು ತೀರ್ಮಾನ ಮಾಡಿ ಅಂದ. ಮೊಟ್ಟೆಗೆ ಅಂದೆ, ಅದೇ ಸ್ವಲ್ಪ ಸಾತ್ವಿಕ ಅನ್ನಿಸಿ. ಶೆಡ್ಡು ಪೂರ್ವ-ಪಶ್ಚಿಮಕ್ಕೆ ಉದ್ದ ಇರಲಿ ಅಂದ. ಕೊಕ್ಕರೆ ರೋಗಕ್ಕೆ ಲಸಿಕೆ ಹಾಕಿಸೋದು ಮಾತ್ರ ಮರೀಬೇಡಿ, ಒಂದು ಕೋಳಿ ತೂಕಡಿಸಿದರೆ ಇಡೀ ಶೆಡ್ಡೇ ಮಲಗುತ್ತದೆ ಅಂದ. ನಾನು ತಲೆಯಾಡಿಸುತ್ತಾ, ಹಿಟ್ಟಿನ ರೇಟು ವಿಚಾರಿಸುತ್ತಾ, ಬೆರಳ ತುದಿಯಲ್ಲಿ ಕಾಮಿಕ್ಸಿನ ಪಿನ್ನು ತುಕ್ಕು ಹಿಡಿದಿದೆಯೇ ಅಂತ ತಡಕುತ್ತಿದ್ದೆ. ಕೊನೆಗೆ, ಏನೋ ಆಗಷ್ಟೇ ಕಣ್ಣಿಗೆ ಬಿತ್ತು ಎಂಬಂತೆ, "ಈ ಹರಕು ಚಿತ್ರದ ಪುಸ್ತಕಾನೂ ಸೇರಿಸಿಬಿಡಿ, ಮಗೂಗೆ ಬಣ್ಣ ಹಚ್ಚೋಕಾಗುತ್ತೆ" ಅಂದೆ. (ಮಗು ಆಗ ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿತ್ತು.)

ಅವನು ಕಾಮಿಕ್ಸನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡು, ಧೂಳು ಒರೆಸಿ, ತನ್ನ ತೊಡೆಯ ಮೇಲಿಟ್ಟುಕೊಂಡ.

"ಕೋಳಿ ಎಂಬತ್ತು ಸಾರ್. ಫ್ಯಾಂಟಮ್ ಮುನ್ನೂರು. ಮಗೂಗಾದ್ರೆ ಪಕ್ಕದಂಗಡೀಲಿ ಡ್ರಾಯಿಂಗ್ ಬುಕ್ಕು ಇಪ್ಪತ್ತು ರೂಪಾಯಿ."

ಎರಡನ್ನೂ ಕೊಂಡೆ. ಕೋಳಿಯನ್ನು ಅಲ್ಲೇ ಬಿಟ್ಟು ಬರಬಹುದಿತ್ತು, ಆದರೆ ಅಷ್ಟು ಹೊತ್ತು ಲಸಿಕೆಯ ಬಗ್ಗೆ ಹೇಳಿಸಿಕೊಂಡು ಹೇಗೆ ಬಿಡುವುದು? ಮುಂದಿನ ಸಲ ಹೋದಾಗ "ಕೋಳಿ ಹೆಂಗಿವೆ ಸಾರ್?" ಅಂತ ಕೇಳಿ, ನನಗಾಗಿಯೇ ತೆಗೆದಿಟ್ಟಿದ್ದ ಎರಡನೇ ಭಾಗವನ್ನು ಕೊಟ್ಟ. ಚೆನ್ನಾಗಿವೆ ಅಂದೆ. ಈಗ ನನ್ನ ಕಪಾಟಿನಲ್ಲಿ ಮೊಲ, ಜೇನು, ಅಣಬೆಗಳ ಪುಸ್ತಕಗಳೂ ಇವೆ. ಹೆಂಡತಿ ಒಮ್ಮೆ ಕಪಾಟು ಒರೆಸುತ್ತಾ, "ರೀ, ಕೆಲಸ ಬಿಡ್ತಿದ್ದೀರಾ?" ಅಂತ ಗಾಬರಿಯಿಂದ ಕೇಳಿದಳು. ಅವಳ ಹೊಸ ಸೀರೆಗಳ ಪ್ಲಾಸ್ಟಿಕ್ ಕವರುಗಳೆಲ್ಲ ಎಲ್ಲಿ ಮಾಯವಾಗುತ್ತವೆ ಅನ್ನುವುದು ಅವಳಿಗೆ ಅದೇ ದಿನ ಗೊತ್ತಾಯಿತು. ಅದರ ವಿವರ ಇಲ್ಲಿ ಬೇಡ.

ಅಮೆರಿಕದ ಸಂಗ್ರಹಕಾರರು ಸೀರೆ ಕವರಿಗೆ ಇಳಿಯುವವರಲ್ಲ. ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡ 'ಆಕ್ಷನ್ ಕಾಮಿಕ್ಸ್' ಮೊದಲ ಸಂಚಿಕೆಗೆ 1938ರಲ್ಲಿ 10 ಸೆಂಟ್. ಅದರ ಒಂದು ಪ್ರತಿ 2024ರಲ್ಲಿ 60 ಲಕ್ಷ ಡಾಲರಿಗೆ ಹರಾಜಾಯಿತು. ಅಲ್ಲಿ ಕಾಮಿಕ್ಸಿಗೆ ಹತ್ತಕ್ಕೆ ಇಷ್ಟು ಅಂತ ಅಂಕ ಹಾಕಿ, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯೊಳಗೆ ಮುದ್ರೆ ಒತ್ತಿ ಮುಚ್ಚುತ್ತಾರೆ. ಡಬ್ಬಿ ಒಡೆದರೆ ಆ ಅಂಕ ಹೋಯಿತು. ಅಂದರೆ ಕೊಂಡವನು ಅದನ್ನು ಓದುವ ಹಾಗಿಲ್ಲ! ಇದನ್ನು ನೆನೆದರೆ ನನಗೆ ಮೈಯುರಿಯುತ್ತದೆ. ಓದಲಾಗದ ಕಾಮಿಕ್ಸ್ ಇಟ್ಟುಕೊಳ್ಳುವ ಬದಲು ಬ್ಯಾಂಕಿನಲ್ಲಿ ಎಫ್.ಡಿ. ಇಡಬಾರದೇ? ಈಚೆಗೆ ಈ ರೋಗ ನಮ್ಮಲ್ಲಿಗೂ ಬಂದಿದೆ. ಪುಟ ಹರಿದ ಇಂದ್ರಜಾಲಕ್ಕೂ 'ವಿಂಟೇಜ್' ಅಂತ ಹಣೆಪಟ್ಟಿ ಹಚ್ಚಿ ಸಾವಿರಗಟ್ಟಲೆ ಕೇಳುತ್ತಾರೆ, ಒಳಗಿನ ಕಥೆ ಏನೆಂದು ಕೇಳಿದರೆ ತಬ್ಬಿಬ್ಬಾಗುತ್ತಾರೆ.

ನಗು ಬಾರದ ಸಂಗತಿಯೊಂದಿದೆ. ಅಮರ ಚಿತ್ರಕಥೆಯೆಂದರೆ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈಗಳು ಮುಂಬಯಿಯಲ್ಲಿ 1967ರಲ್ಲಿ ಶುರು ಮಾಡಿದ್ದು ಎಂದು ಎಲ್ಲರೂ ಬಲ್ಲರು. ಆದರೆ ಮೊದಲ ಹತ್ತು ಪುಸ್ತಕಗಳು 1965ರಲ್ಲೇ ಕನ್ನಡದಲ್ಲಿ ಬಂದವು ಎಂದು ಬೆಂಗಳೂರಿನ ಪುಸ್ತಕ ವ್ಯಾಪಾರದ ಜಿ.ಕೆ. ಅನಂತರಾಮ್ ಹೇಳಿದ್ದಾರೆ. ಸಿಂಡ್ರೆಲಾ ಮುಂತಾದ ಪಾಶ್ಚಾತ್ಯ ಕಥೆಗಳವು. ನಮ್ಮ ದೇವರು ಬಂದದ್ದು ಹನ್ನೊಂದನೆಯದಾಗಿ, 'ಕೃಷ್ಣ'ದಿಂದ. ಆ ಹತ್ತು ಕನ್ನಡ ಪುಸ್ತಕಗಳನ್ನು ನಾನು ಕಣ್ಣಲ್ಲಿ ಕಂಡಿಲ್ಲ. ಇಂದ್ರಜಾಲ ಕನ್ನಡದಲ್ಲೂ ಬಂದಿತ್ತು, ಫುಟ್‌ಪಾತಿನಲ್ಲಿ ಅದರ ರಕ್ಷಾಪುಟ ಕೂಡ ಸಿಗುವುದಿಲ್ಲ. ನಮ್ಮ ಮನೆಗಳಲ್ಲಿ ರಟ್ಟು ಕಟ್ಟಿದ ಪುಸ್ತಕಕ್ಕೆ ಬೀರು, ಚಿತ್ರದ ಪುಸ್ತಕಕ್ಕೆ ರದ್ದಿ ತಕ್ಕಡಿ. ಮಕ್ಕಳು ಓದಿದ್ದು ಸಾಹಿತ್ಯವಲ್ಲ ಅಂತ ದೊಡ್ಡವರು ತೀರ್ಮಾನಿಸಿದರು, ಆ ಮಕ್ಕಳೇ ದೊಡ್ಡವರಾಗಿ ಮನೆ ಬದಲಿಸುವಾಗ ತೂಕಕ್ಕೆ ಹಾಕಿದರು. ಇಂಗ್ಲಿಷಿನವು ಹೇಗೋ ಉಳಿದುಕೊಂಡವು. ಕನ್ನಡದವು ಕಡಲೆಕಾಯಿ ಪೊಟ್ಟಣವಾದವು.

ಆದ್ದರಿಂದ ಓದುಗ ಮಹಾಶಯರಲ್ಲಿ ಒಂದು ವಿನಂತಿ. ನಿಮ್ಮ ಅಟ್ಟದ ಮೇಲೆ ಕನ್ನಡದ ಹಳೇ ಕಾಮಿಕ್ಸ್ ಇದ್ದರೆ, ರದ್ದಿಯವನನ್ನು ಕೂಗುವ ಮುಂಚೆ ನನಗೊಂದು ಮಾತು ತಿಳಿಸಿ. ರದ್ದಿಯ ರೇಟಿಗಿಂತ ಹತ್ತು ರೂಪಾಯಿ ಜಾಸ್ತಿ ಕೊಡುತ್ತೇನೆ. ಜೊತೆಗೆ ಕೋಳಿ ಸಾಕಾಣಿಕೆ, ಎರಡೂ ಭಾಗ, ಉಚಿತ.