ನಳಿಗೆಯ ಮತತ್ರಯ ವಿಚಾರ

ನಳಿಗೆಯ ಒಳವ್ಯಾಸ ಅಳೆಯುವವರಿಗೆ ಮಂಗಲಾಚರಣೆಗೂ ಮೊದಲು ಗಜ, ಅಂದರೆ ಈಡು ಜಡಿಯುವ ಕೋಲು. ಕೇಪಿನ ಕೋವಿಯೊಳಗೆ ಗಜವನ್ನು ತಳಮುಟ್ಟ ಇಳಿಸಿ, ಬಾಯಿಮಟ್ಟಕ್ಕೆ ಗುರುತು ಹಾಕಿ, ಹೊರತೆಗೆದು ನಳಿಗೆಯ ಪಕ್ಕಕ್ಕೆ ಹಿಡಿಯತಕ್ಕದ್ದು. ತುದಿಯು ಕೇಪು ಕೂರುವ ಜಾಗದ ಹತ್ತಿರಕ್ಕೂ ಬರದಿದ್ದರೆ ಅಜ್ಜ ತುಂಬಿಟ್ಟ ಈಡು ಒಳಗೇ ಇದೆ. ಅಂಥ ಕೋವಿಯ ವ್ಯಾಸದ ಬಗ್ಗೆ ಶಾಸ್ತ್ರ ಮೌನ ತಾಳುತ್ತದೆ. ಗೃಹಸ್ಥ ಅದನ್ನು ಬಲ್ಲವರಿಗೆ ಒಪ್ಪಿಸಿ ದೂರ ನಿಲ್ಲಬೇಕು.

ಕಾಲನಿರ್ಣಯ: ಕೊಡಗಿನವರು ಆಯುಧ ಪೂಜಿಸುವ ಕೈಲ್ ಪೊಳ್ದಿನ ದಿನ ಅಳೆಯಕೂಡದು. ಅಂದು ನಳಿಗೆಯ ಬಾಯಲ್ಲಿ ತೋಕ್‌ಪೂ ಎಂಬ ಹೂವಿರುತ್ತದೆ.

ವರ್ನಿಯರನ್ನು ಬಾಯಿಗೆ ಹಾಕಿ ಅಳೆದರಾಯಿತಲ್ಲ ಎಂಬುದು ಪೂರ್ವಪಕ್ಷ. ಆಗದು. ತಲೆಮಾರುಗಟ್ಟಲೆ ಗಜ ಉಜ್ಜಿ ಬಾಯಿ ಸವೆದು ಅಗಲವಾಗಿರುತ್ತದೆ. ಒಳಗಿನ ಸತ್ಯಕ್ಕೆ ಬಾಯಿ ಪ್ರಮಾಣವಲ್ಲ.

ಸಿದ್ಧಾಂತ: ನಳಿಗೆಗಿಂತ ಕೂದಲೆಳೆ ದಪ್ಪನೆಯ ಮೆತ್ತನೆ ಸೀಸದ ಗುಂಡಿಗೆ ಎಣ್ಣೆ ಸವರಿ ಒಳಗೆ ಬಡಿದಿಳಿಸುವುದು. ಯಾವ ಎಣ್ಣೆ? ಎನ್‌ಫೀಲ್ಡ್ ತೋಟಾಕ್ಕೆ ಸವರಿದ ಕೊಬ್ಬು ಯಾವ ಪ್ರಾಣಿಯದೆಂಬ ಸಂದೇಹ 1857ರಲ್ಲಿ ಎಲ್ಲಿಗೆ ಮುಟ್ಟಿತೆಂದು ನೆನೆದು, ಕೊಬ್ಬರಿ ಎಣ್ಣೆಗೇ ಸಮಾಧಾನಪಡುವುದು ಲೇಸು. ಈ ಕೋವಿಗೆ ಒಂದೇ ಬಾಗಿಲು; ಬುಡದ ತಿರುಪನ್ನು ಮೊದಲೇ ಬಿಚ್ಚಿಸದ ಆತುರಗಾರನ ಗುಂಡಿಗೆ ಮೋಕ್ಷವಿಲ್ಲ.

ಹೊರಬಂದ ಸೀಸ ಮೈಕ್ರೋಮೀಟರಿಗೆ ಸಿಕ್ಕ ಮೇಲೆಯೇ ನಿಜವಾದ ವೇದಾಂತ. ನುಣುಪು ನಳಿಗೆಯವರು ಅದ್ವೈತಿಗಳು: ಹೇಗೆ ತಿರುಗಿಸಿದರೂ ವ್ಯಾಸ ಒಂದೇ, ಭೇದ ಕಂಡರೆ ಅದು ತುಕ್ಕಿನ ಮಾಯೆ. ಒಳಗೆ ಸುರುಳಿಗಾಲುವೆ ಕೊರೆದ ರೈಫಲಿನವರು ದ್ವೈತಿಗಳು: ಕಾಲುವೆಯ ವ್ಯಾಸ ಬೇರೆ, ಬದುವಿನ ವ್ಯಾಸ ಬೇರೆ, ಎರಡೂ ಸತ್ಯ, ತಾರತಮ್ಯ ನಿತ್ಯ. ಇಷ್ಟಕ್ಕೇ ಮುಗಿಯುತ್ತಿತ್ತು, ಕೆಡಿಸಿದ್ದು 0.577 ಇಂಚಿನ 1853ರ ಎನ್‌ಫೀಲ್ಡ್. ಅದಕ್ಕೆ ಮೂರೇ ಕಾಲುವೆ. ಕಾಲುವೆಯ ಎದುರಿಗೆ ಕಾಲುವೆಯಿಲ್ಲ, ಬದುವಿದೆ! ಮೈಕ್ರೋಮೀಟರಿನ ಒಂದು ದವಡೆ ಅದರ ಅಚ್ಚನ್ನೂ ಇನ್ನೊಂದು ಇದರ ಅಚ್ಚನ್ನೂ ಕಚ್ಚಿ ಹೇಳುವ ಅಂಕಿ ಎರಡರದೂ ಅಲ್ಲ, ಎರಡನ್ನೂ ಬಿಟ್ಟದ್ದೂ ಅಲ್ಲ. ಶುದ್ಧ ವಿಶಿಷ್ಟಾದ್ವೈತ. 'ವಿ' ಆಕಾರದ ಆಸರೆಯುಳ್ಳ ಮೈಕ್ರೋಮೀಟರ್ ಈ ಜಗಳ ಬಿಡಿಸುತ್ತದಂತೆ, ಆದರೆ ಅದರ ಬೆಲೆಯಲ್ಲಿ ಇನ್ನೊಂದು ಕೋವಿ ಬರಬಹುದೆಂದು ದ್ವೈತಿಗಳ ಗೊಣಗು.

ನಾಲ್ಕನೆಯ ಪಂಥ ಅಡುಗೆಮನೆಯದು. ಒಂದು ಪೌಂಡು ಸೀಸದಲ್ಲಿ ನಳಿಗೆಗೆ ಸರಿಹೊಂದುವ ಗುಂಡು ಎಷ್ಟಾಗುತ್ತವೋ ಅದೇ ಬೋರ್ ಸಂಖ್ಯೆ. ಹನ್ನೆರಡಾದರೆ 12 ಬೋರ್, ಅಂದರೆ 0.729 ಇಂಚು. ಗುಂಡು ಸಣ್ಣದಾದಷ್ಟೂ ಸಂಖ್ಯೆ ದೊಡ್ಡದು: ಎನ್‌ಫೀಲ್ಡಿನ ಅಳತೆಗೆ ಸುಮಾರು 24. ಆದ್ದರಿಂದ ಅಂಥ ಗುಂಡನ್ನು ತೂಗಿ 454 ಗ್ರಾಮನ್ನು ಆ ತೂಕದಿಂದ ಭಾಗಿಸಿದರೆ ಸಾಕು, ಮೈಕ್ರೋಮೀಟರೇ ಬೇಡ. ಇದನ್ನು ಖಂಡಿಸಿದ್ದು ಮನೆಯಾಕೆ: ಸೀಸ ವಿಷ, ತಕ್ಕಡಿ ಬೆಲ್ಲ ತೂಗುವುದು. ಈ ಖಂಡನೆಗೆ ಉತ್ತರ ಬರೆಯುವ ಭಾಷ್ಯಕಾರ ಇನ್ನೂ ಹುಟ್ಟಿಲ್ಲ.