ಡಾಲರ್ ಸಾಲದ ಯೋಜನೆ: ಬಳಕೆದಾರರ ಕೈಪಿಡಿ
(ಹಾವೇರಿ ಜಿಲ್ಲಾ ಆವೃತ್ತಿ)

ಬಳಸುವ ಮೊದಲು ಓದಿ

ಹಣ ಹೊರದೇಶದಿಂದ ಬಂತು ಎಂದ ಮಾತ್ರಕ್ಕೆ ಅದನ್ನು ದಾನ ಎಂದುಕೊಳ್ಳಬೇಡಿ. ಮುಂಬೈ ಕಡಲಿನ ದಕ್ಷಿಣ ಬಸ್ಸೀನ್ ಅನಿಲ ಕ್ಷೇತ್ರಕ್ಕೆ 1980ರ ದಶಕದಲ್ಲಿ ವಿಶ್ವಬ್ಯಾಂಕ್ ಕೊಟ್ಟದ್ದು ಸಾಲ. ಬ್ಯಾಡಗಿ, ರಾಣೆಬೆನ್ನೂರಿನ ನಳಕ್ಕೆ ಏಷ್ಯನ್ ಅಭಿವೃದ್ಧಿ ಬ್ಯಾಂಕ್ ಕೊಟ್ಟದ್ದೂ ಸಾಲವೇ. ಪೈಪಿನೊಳಗೆ ಗ್ಯಾಸ್ ಹರಿಯಲಿ, ನೀರು ಹರಿಯಲಿ, ಮೇಲಿನ ಕಾಗದಪತ್ರದ ಜಾತಿ ಒಂದೇ. ನಮ್ಮ ಪಾಲಿಗೆ ಬಂದದ್ದು ನೀರು. ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ. ಐದಾರು ವರ್ಷದೊಳಗೆ ವಿಶ್ವಬ್ಯಾಂಕ್ ಸಾಲದ ಸುಜಲ ಜಲಾನಯನ ಯೋಜನೆ, ಜಲನಿರ್ಮಲ ಕುಡಿಯುವ ನೀರಿನ ಯೋಜನೆ ಎರಡೂ ಬಂದವು. ಜಿಲ್ಲೆಗೆ ವಯಸ್ಸಿಗಿಂತ ಸಾಲದ ಅನುಭವ ಹೆಚ್ಚು.

2014ರಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕ್ 15 ಕೋಟಿ ಡಾಲರ್ ಒಪ್ಪಿತು. ಮೊದಲ ಹಂತಕ್ಕೆ 7.5 ಕೋಟಿ. ದಾವಣಗೆರೆ, ಹರಿಹರದ ಜೊತೆಗೆ ರಾಣೆಬೆನ್ನೂರು, ಬ್ಯಾಡಗಿಗೂ ಮೀಟರು ಕೂಡಿಸಿ ದಿನದ 24 ತಾಸೂ ನೀರು ಕೊಡುವ ಸಂಕಲ್ಪ. ಅನುಷ್ಠಾನ ರಾಜ್ಯದ ನಗರ ಮೂಲಸೌಕರ್ಯ ನಿಗಮವಾದ ಕೆಯುಐಡಿಎಫ್‌ಸಿಯದು, ಕರೆಯುವ ಹೆಸರು ಜಲಸಿರಿ. ಇಷ್ಟು ಬಾಯಿಪಾಠವಾದರೆ ನೀವು ಮ್ಯಾನೇಜರ್ ಆಗಬಹುದು.

ಗಡಿಯಾರ ಹೊಂದಿಸುವುದು

ನಿಮ್ಮ ಮೇಜಿನ ಮೇಲೆ ಎರಡು ಗಡಿಯಾರ ಇರಲಿ. ಒಂದು ಸಾಲದ್ದು. ಒಪ್ಪಂದವಾದ ಮೇಲೆ ಎತ್ತದೆ ಬಿಟ್ಟ ಹಣಕ್ಕೂ ವರ್ಷಕ್ಕೆ ಶೇ. 0.15ರಷ್ಟು ಶುಲ್ಕ ಕಟ್ಟಬೇಕು. ಹಣ ಮುಟ್ಟಿದರೆ ಬಡ್ಡಿ, ಮುಟ್ಟದಿದ್ದರೂ ದಂಡ. ಇನ್ನೊಂದು ಊರಿನ ಗಡಿಯಾರ. ಅದಕ್ಕೆ ಕೀಲಿ ಕೊಡುವವರು ಯಾರೆಂದು ಇದುವರೆಗೆ ಪತ್ತೆಯಾಗಿಲ್ಲ.

ಬ್ಯಾಡಗಿಯಲ್ಲಿ ಸೋಮವಾರ, ಗುರುವಾರ ಅಗೆಯಬಾರದು. ಆ ಎರಡು ದಿನ ಮೆಣಸಿನಕಾಯಿ ಟೆಂಡರ್. ಬಳ್ಳಾರಿ, ಕರ್ನೂಲಿನ ಕಡೆಯಿಂದ ರಾತ್ರಿಯೇ ಲಾರಿ ಸಾಲುಗಟ್ಟುತ್ತವೆ. ನಿಮ್ಮ ತಗ್ಗಿನಲ್ಲಿ ಒಂದರ ಗಾಲಿ ಕುಂತರೂ ದಲಾಲಿ ಅಂಗಡಿಯಿಂದ ಶಾಸಕರ ತನಕ ಫೋನು. ಹಂಗಾಮು ಜನವರಿಯಿಂದ ಬೇಸಿಗೆಯವರೆಗೆ, ಅಂದರೆ ನೆಲ ಒಣಗಿ ಅಗೆಯಲು ಲಾಯಕ್ಕಾಗಿರುವ ಅದೇ ತಿಂಗಳು. ಮಳೆಗಾಲದಲ್ಲಿ ಅಗೆಯಬಹುದು, ಎರೆಮಣ್ಣು ಒಪ್ಪಿದರೆ. ಉಳಿದದ್ದು ಹಬ್ಬ, ಜಾತ್ರೆ, ಚುನಾವಣೆಯ ನೀತಿಸಂಹಿತೆ. ಹೀಗೆ ಕಳೆಯುತ್ತ ಹೋಗಿ ಉಳಿದ ದಿನಗಳನ್ನು ವರ್ಕ್ ಪ್ರೋಗ್ರಾಮಿನಲ್ಲಿ ಬರೆದರೆ ಯಾರೂ ಮಂಜೂರು ಮಾಡುವುದಿಲ್ಲ. ಆದ್ದರಿಂದ ಸುಳ್ಳು ಬರೆಯಿರಿ. ಎಲ್ಲರೂ ಹಾಗೇ ಬರೆದಿರುತ್ತಾರೆ, ಅದನ್ನು ಓದುವವರಿಗೂ ಗೊತ್ತಿರುತ್ತದೆ.

ಮುಖ್ಯರಸ್ತೆಯ ಮಾತು ಬೇರೆ. ಅಗಲೀಕರಣಕ್ಕಾಗಿ ವರ್ಷಗಟ್ಟಲೆ ಹೋರಾಟ ನಡೆದ ರಸ್ತೆ ಅದು. ರಸ್ತೆಯ ಅಂಚು ಎಲ್ಲಿ ಎಂಬುದೇ ತೀರ್ಮಾನವಾಗದ ಕಡೆ ಪೈಪನ್ನು ಅಂಚಿನಲ್ಲಿ ಹೂಳಬೇಕು ಎನ್ನುತ್ತದೆ ನಕ್ಷೆ. ಈ ಕೈಪಿಡಿಯಲ್ಲಿ ಇದಕ್ಕೆ ಪರಿಹಾರ ಇಲ್ಲ.

ಮಿರ್ಚಿ-ಗಿರಮಿಟ್ ಗಾಡಿಯ ನಿಯಮ

ಈ ಸಾಲಕ್ಕೆ ಅನ್ವಯಿಸುವ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ 2009ರ ಸುರಕ್ಷಾ ನೀತಿಯ ಪ್ರಕಾರ ಕಾಮಗಾರಿಯಿಂದ ದುಡಿಮೆ ಕಳೆದುಕೊಂಡವನಿಗೆ ಜಾಗದ ಹಕ್ಕುಪತ್ರ ಇಲ್ಲದಿದ್ದರೂ ಪರಿಹಾರ ಉಂಟು. ಒಳ್ಳೆಯ ನಿಯಮ, ನಮ್ಮ ಸ್ವಂತ ಕಾಮಗಾರಿಗಳಲ್ಲಿ ಅಷ್ಟು ಮರ್ಯಾದೆ ಬಡವನಿಗೆ ಸಿಗುವುದಿಲ್ಲ. ಆದರೆ ಗಿರಮಿಟ್ ಗಾಡಿಯವನ ದಿನದ ಗಳಿಕೆ ಎಷ್ಟೆಂದು ಫಾರಂ ತುಂಬಿಸಲು ಹೋಗಿ ನೋಡಿ. "ಗಳಿಕಿ ಹೇಳಿದ್ರ ನಾಳೆ ಟ್ಯಾಕ್ಸ್‌ನವ್ರು ಬರ್ತಾರೇನ್ರಿ ಸಾಹೇಬ್ರ?" ಎಂದು ಗಾಡಿ ತಳ್ಳಿಕೊಂಡು ಮುಂದಿನ ಓಣಿಗೆ ಹೋಗಿಬಿಡುತ್ತಾನೆ. ಮರುವಾರ ನಿಮ್ಮ ಜೆಸಿಬಿಯೂ ಅದೇ ಓಣಿಗೆ ಹೋಗುತ್ತದೆ.

ಮಿಷನ್ ಬಂದಾಗ

ಮಿಷನ್ ಎಂದರೆ ಯಂತ್ರವಲ್ಲ, ಪರಿಶೀಲನೆಗೆ ಬರುವ ತಂಡ. ಏಲಕ್ಕಿ ಹಾರ ಹಾಕಿ ಸ್ವಾಗತಿಸಿ, ಹಾವೇರಿಯ ಮರ್ಯಾದೆ ಉಳಿಯಬೇಕು. ಬಿಲ್ಲನ್ನು ಮಾತ್ರ ಯೋಜನೆಯ ಖಾತೆಗೆ ಹಾಕಬೇಡಿ. ಆಡಿಟ್‌ನವರಿಗೆ ಮೊದಲು ಕಾಣುವುದು ಅದೇ. ತಂಡ ಕೇಳುವ ಮೊದಲ ಪ್ರಶ್ನೆ ಎಷ್ಟು ಡಾಲರ್ ಖರ್ಚಾಯಿತು ಎಂಬುದು, ಎರಡನೆಯದು ಎಷ್ಟು ಕಿಲೋಮೀಟರ್ ಪೈಪ್ ಹೂತಿರಿ ಎಂಬುದು. ನಳದ ಮುಂದೆ ಕೊಡ ಹಿಡಿದು ನಿಂತವಳ ಪ್ರಶ್ನೆ ಯಾವ ಕೋಷ್ಟಕದಲ್ಲೂ ಕೂರುವುದಿಲ್ಲ: "ನೀರು ಯಾವಾಗ ಬರ್ತಾವ್ರೀ?" ನನ್ನ ಮಟ್ಟಿಗೆ ಇಂಥ ಯೋಜನೆಗಳ ಮೂಲ ದೋಷ ಇಲ್ಲಿದೆ. ಖರ್ಚನ್ನೇ ಪ್ರಗತಿ ಎಂದು ಅಳೆಯುವ ಕಡೆ ಮೊದಲು ಮುಗಿಯುವುದು ಖರ್ಚು.

ಮೀಟರು

ಕೂಡಿಸಿ. ನೀರಿಗಿಂತ ಮೊದಲು ಗಾಳಿಗೆ ತಿರುಗುತ್ತದೆ ಎಂಬ ದೂರು ಬರುತ್ತದೆ. ದಾಖಲಿಸಿಕೊಳ್ಳಿ.

ಹಸ್ತಾಂತರ

ಸಾಲದ ಅವಧಿ ಮುಗಿದ ಮೇಲೆ ಸಲಹೆಗಾರರು ಊರು ಬಿಡುತ್ತಾರೆ, ಗುತ್ತಿಗೆದಾರರು ಬಿಲ್ಲಿಗಾಗಿ ಇನ್ನಷ್ಟು ದಿನ ಇರುತ್ತಾರೆ, ವಾಲ್‌ಮನ್ ಮಾತ್ರ ಕಾಯಂ. ಯಾವ ವಾಲ್ವ್ ಯಾವ ಓಣಿಯದು ಎಂಬುದು ಅವನ ತಲೆಯಲ್ಲಷ್ಟೇ ಇರುವ ಪರಿಸ್ಥಿತಿ ತರಬೇಡಿ. ಹೋಗುವ ಮೊದಲು, ಪೈಪ್ ನಿಜವಾಗಿ ಎಲ್ಲಿ ಹೋಗಿದೆಯೋ ಅದರ ನಕ್ಷೆಯನ್ನು, ಟೆಂಡರಿನ ನಕ್ಷೆಯನ್ನಲ್ಲ, ಬ್ಯಾಡಗಿ ಪುರಸಭೆಗೂ ರಾಣೆಬೆನ್ನೂರು ನಗರಸಭೆಗೂ ಒಂದೊಂದು ಪ್ರತಿ ಕೊಟ್ಟು ಸಹಿ ಪಡೆಯಿರಿ. ಮನೆಮನೆಗೆ ಗ್ಯಾಸ್ ಪೈಪ್ ಹಾಕುವವರು ಒಂದು ದಿನ ಅದೇ ರಸ್ತೆ ಅಗೆಯುತ್ತಾರೆ. ಅವರಿಗೆ ಮೊದಲು ಬೇಕಾಗುವುದು ಆ ನಕ್ಷೆ.