ಪುಕ್ಕಟೆ ಹಾರಾಟಕ್ಕೂ ಅಂಕ

ಅಮೆರಿಕದಲ್ಲಿ ವಿಮಾನ ಕಂಪನಿಗಳು ಹಾರಿದವರಿಗೆ ಕೊಡುವ ಮೈಲು ಕೂಡಿಡುವವರದೇ ಒಂದು ಜಾತಿ. 1981ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಹಚ್ಚಿದ ಗೀಳು ಇನ್ನೂ ಇಳಿದಿಲ್ಲ. ಅವರ ಹಳೆಯ ಸಂಕಟ ಒಂದೇ: ಕೂಡಿಟ್ಟ ಮೈಲು ಕೊಟ್ಟು ಹಾರಿದರೆ ಸೀಟು ಸಿಗುತ್ತಿತ್ತು, ಕಂಪನಿ ಕೊಡುವ ಅಂತಸ್ತಿನ ಲೆಕ್ಕಕ್ಕೆ ಮಾತ್ರ ಆ ಹಾರಾಟ ಸೇರುತ್ತಿರಲಿಲ್ಲ. ದೇಹ ಅಟ್ಲಾಂಟಾದಿಂದ ಸಿಯಾಟಲ್‌ಗೆ ಹೋಗಿದೆ, ಕಾಲು ಮರಗಟ್ಟಿದೆ, ಖಾತೆಯ ಪ್ರಕಾರ ಮನುಷ್ಯ ಮನೆ ಬಿಟ್ಟೇ ಇಲ್ಲ!

ಈಗ ಡೆಲ್ಟಾ ವಿಮಾನ ಕಂಪನಿ ಕರಗಿದೆ. ಖರ್ಚಾದ 100 ಮೈಲಿಗೆ ಅಂತಸ್ತಿನ ಒಂದು ಅಂಕ. ಸಿಲ್ವರ್ ಎಂಬ ಮೊದಲ ಮೆಟ್ಟಿಲಿಗೆ 5,000 ಅಂಕ ಬೇಕು. ಬರೀ ಪುಕ್ಕಟೆ ಟಿಕೆಟ್ಟಿನಲ್ಲೇ ಹತ್ತುತ್ತೇನೆಂದು ಹಟ ಹಿಡಿದರೆ 5 ಲಕ್ಷ ಮೈಲು ಸುಡಬೇಕು. ಅಷ್ಟರಲ್ಲಿ ಚಂದ್ರನಿಗೆ ಹೋಗಿ ಬಂದರೂ ಚಿಲ್ಲರೆ ಉಳಿಯುತ್ತದೆ. ಡೈಮಂಡ್ ಎಂಬ ಮೇಲಿನ ಮೆಟ್ಟಿಲಿಗೆ 28,000 ಅಂಕ. ಗುಣಾಕಾರ ನೀವೇ ಮಾಡಿಕೊಳ್ಳಿ, ನನಗೆ ತಲೆ ಸುತ್ತುತ್ತದೆ.

ಹೋಟೆಲಿನವರು ಇನ್ನೂ ಉದಾರಿಗಳು. ಮ್ಯಾರಿಯಟ್, ಹಿಲ್ಟನ್‌ಗಳಲ್ಲಿ ಪಾಯಿಂಟ್ ಕೊಟ್ಟು ಮಲಗಿದ ರಾತ್ರಿಯೂ ಅಂತಸ್ತಿನ ಲೆಕ್ಕಕ್ಕೆ ರಾತ್ರಿಯೇ. ಒಂದು ಮದುವೆಯಲ್ಲಿ ಬಂದ ಸೀರೆಯನ್ನೇ ಇನ್ನೊಂದು ಮದುವೆಗೆ ಮುಯ್ಯಿ ಮಾಡಿ ಹೆಸರು ಗಳಿಸುವ ನಮ್ಮ ಅತ್ತಿಗೆಯಂಥವರಿಗೆ ಈ ಸೂತ್ರ ಹೊಸದೇನಲ್ಲ.

ಡಿಸೆಂಬರ್ ಬಂತೆಂದರೆ ನೋಡಬೇಕು. 31ರೊಳಗೆ ಅಂಕ ತುಂಬದವರು ಕೆಲಸವಿಲ್ಲದ ಊರಿಗೂ ಹಾರಿ, ನಿಲ್ದಾಣದಲ್ಲೇ ಕಾಫಿ ಕುಡಿದು, ಮುಂದಿನ ವಿಮಾನಕ್ಕೆ ವಾಪಸಾಗುತ್ತಾರೆ. ಆ ಊರು ಹೇಗಿದೆ ಎಂದು ಕೇಳಬೇಡಿ. ಅವರು ಕಂಡದ್ದು ಗೇಟಿನ ನಂಬರು.

ಇಷ್ಟೆಲ್ಲ ಮಾಡಿ ಸಿಗುವ ಸುಖವಾದರೂ ಎಂಥದ್ದು? ಎಲ್ಲರಿಗಿಂತ ಮುಂಚೆ ವಿಮಾನ ಹತ್ತಿ, ಉಳಿದವರೆಲ್ಲ ಹತ್ತುವವರೆಗೆ ಬೆಲ್ಟು ಬಿಗಿದುಕೊಂಡು ಕಾಯುವುದು.